ಅಪ್ಪಣೆ, ಮಹಾರಾಣಿ

ದರ್ಜಿಯ ಹೆಂಡತಿಗೆ ಅರಮನೆಯೆಂದರೆ ಪ್ರಾಣ. ಹಾಗಂತ ಆಕೆ ಒಂದು ಅರಮನೆಯನ್ನೂ ಕಣ್ಣಾರೆ ಕಂಡವಳಲ್ಲ. ಆದರೆ ಅಂತಃಪುರದಿಂದ ಕೋಟೆಯ ಹಿಂಬಾಗಿಲಿಗೆ ಹೋಗುವ ಸುರಂಗ ಎಲ್ಲಿ ತಿರುಗುತ್ತದೆ, ಮುನಿಸಿಕೊಂಡ ರಾಜಕುಮಾರಿ ಎಲ್ಲಿ ಹೋಗಿ ಕೂರುತ್ತಾಳೆ, ಶತ್ರುವಿನ ಗೂಢಚಾರ ಯಾವ ವೇಷ ಹಾಕಿಕೊಂಡು ಬರುತ್ತಾನೆ ಎಂಬುದೆಲ್ಲ ಆಕೆಗೆ ತನ್ನ ಅಡುಗೆಮನೆಯ ಡಬ್ಬಿಗಳಷ್ಟೇ ಪಕ್ಕಾ ಗೊತ್ತಿತ್ತು. ಡಬ್ಬಿಗಳಲ್ಲಾದರೂ ಒಮ್ಮೊಮ್ಮೆ ಉಪ್ಪು ಸಕ್ಕರೆ ಅದಲುಬದಲಾಗುತ್ತಿದ್ದವು. ಅರಮನೆಯ ವಿಷಯದಲ್ಲಿ ಆಕೆ ಎಂದೂ ಎಡವಿದ್ದಿಲ್ಲ.

ಇದ್ದ ಮನೆಯಾದರೋ ಎರಡೂವರೆ ಕೋಣೆಯದು. ಬೀದಿಗೆ ಮುಖ ಮಾಡಿದ ಕೋಣೆಯೇ ಅಂಗಡಿ. ಕಿಟಕಿಯ ಪಕ್ಕ ಗಂಡನ ಕಾಲುಮಿಷನ್ನು, ಗೋಡೆಗೊರಗಿದ ಕತ್ತರಿಸುವ ಮೇಜು, ಮೂಲೆಯಲ್ಲಿ ಆಕೆಯ ಮೋಟು ಕುರ್ಚಿ. ಕಾಜ ಹೊಲಿಯುವುದು, ಗುಂಡಿ ಹಚ್ಚುವುದು, ಪ್ಯಾಂಟಿನ ಕೆಳಗಿನ ಅಂಚು ಮಡಿಚಿ ಕೈಹೊಲಿಗೆ ಹಾಕುವುದು ಆಕೆಯ ಪಾಲಿನ ಕೆಲಸ. ನೆಲದ ಮೇಲೆ ಯಾವಾಗಲೂ ದಾರದ ತುಂಡು, ಬಟ್ಟೆಯ ಚೂರು. ಎಷ್ಟು ಗುಡಿಸಿದರೂ ಆ ಚೂರುಗಳು ಒಳಮನೆಯ ಹಾಸಿಗೆಯವರೆಗೂ ಕಾಲಿಗಂಟಿಕೊಂಡು ಬರುತ್ತಿದ್ದವು.

ಬೀದಿಯ ಕೊನೆಯಲ್ಲಿ ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಯೊಂದಿತ್ತು. ಅದರ ಯಜಮಾನ ಕನ್ನಡಕವನ್ನು ಕಣ್ಣಿಗಿಂತ ಹೆಚ್ಚಾಗಿ ಮೂಗಿನ ತುದಿಗೇ ಹಾಕಿಕೊಳ್ಳುತ್ತಿದ್ದ ಮನುಷ್ಯ. ಆಕೆ ಮೆಟ್ಟಿಲು ಹತ್ತುವುದು ಕಂಡರೆ ಸಾಕು, ಕುರ್ಚಿಯಿಂದ ಅರ್ಧ ಎದ್ದು, "ಮಹಾರಾಣಿಯವರು ದಯಮಾಡಿಸಬೇಕು" ಅನ್ನುತ್ತಿದ್ದ. ಆಕೆ ಸುಳ್ಳುಸುಳ್ಳೇ ಮುಖ ಗಂಟಿಕ್ಕಿಕೊಂಡು ಸೀದಾ ಐತಿಹಾಸಿಕ ಕಾದಂಬರಿಗಳ ಕಪಾಟಿಗೆ ಹೋಗುತ್ತಿದ್ದಳು. ಒಮ್ಮೆ ಅವನು ಹೊಸ ಸಾಮಾಜಿಕ ಕಾದಂಬರಿಯೊಂದನ್ನು ಮುಂದೆ ಹಿಡಿದ.

"ಇದನ್ನ ಒಂದ್ಸಲ ಓದಿ ನೋಡಿ. ಅತ್ತೆ ಸೊಸೆ ಕಥೆ. ಎಲ್ಲರೂ ಕೇಳ್ತಾ ಇದಾರೆ."

"ಅತ್ತೆ ಸೊಸೆ ಜಗಳಕ್ಕೆ ನಾನ್ಯಾಕೆ ಬಾಡಿಗೆ ಕೊಡ್ಲಿ? ಪಕ್ಕದ ಮನೆ ಗೋಡೆಗೆ ಕಿವಿ ಇಟ್ರೆ ಪುಕ್ಕಟೆ ಸಿಗುತ್ತೆ" ಎಂದು ಆಕೆ ಮೂಗು ಮುರಿದಳು.

ಪುಸ್ತಕ ಆರಿಸುವುದರಲ್ಲಿ ಆಕೆಯದೇ ಒಂದು ಪದ್ಧತಿ. ನಡುವೆ ಎಲ್ಲಾದರೂ ಬಿಡಿಸುವುದು. ಆ ಪುಟದಲ್ಲಿ ಕುದುರೆಯಾಗಲಿ, ದೀವಟಿಗೆಯಾಗಲಿ, ಮಾತು ಹೊರಡದೆ ನಿಂತ ಗಂಡಸಾಗಲಿ ಇದ್ದರೆ ಪುಸ್ತಕ ಪಾಸು. ಕೊನೆಯಲ್ಲಿ ನಾಯಕ ಸತ್ತುಹೋದರೆ ಮಾತ್ರ ಮರುದಿನ ಯಜಮಾನನ ಮೇಲೆ ಹರಿಹಾಯುತ್ತಿದ್ದಳು. "ಮೊದಲೇ ಒಂದು ಮಾತು ಹೇಳ್ಬಾರ್ದಿತ್ತಾ? ಗಂಟಲಲ್ಲಿ ಊಟ ಇಳೀಲಿಲ್ಲ ನನಗೆ" ಅನ್ನುವಳು. ಅವನು ತಾನೇ ಕೊಂದವನ ಹಾಗೆ ತಲೆ ತಗ್ಗಿಸುವನು. ವಾರ ಕಳೆಯುವಷ್ಟರಲ್ಲಿ ಅದೇ ಪುಸ್ತಕವನ್ನು ಇನ್ನೊಮ್ಮೆ ಕೇಳಿಕೊಂಡು ಬರುವವಳೂ ಅವಳೇ.

ಗಂಡ ಇದಕ್ಕೆಲ್ಲ ತದ್ವಿರುದ್ಧ. ಮಾತನ್ನೂ ಅಳತೆ ಟೇಪು ಹಿಡಿದು ಕತ್ತರಿಸುವವನು. ಗಿರಾಕಿ ಬಂದರೆ "ಉದ್ದ?" ಅನ್ನುವನು, "ಸಡಿಲ?" ಅನ್ನುವನು, "ನಾಳಿದ್ದು" ಅನ್ನುವನು. ಅಲ್ಲಿಗೆ ವ್ಯಾಪಾರ ಮುಗಿಯಿತು. ಹೆಂಡತಿಯನ್ನು ಮದುವೆಯಾದಂದಿನಿಂದ ಒಂದೇ ಹೆಸರಿನಿಂದ ಕರೆದವನು: "ಇವಳೇ." ಆಕೆಗೂ ಒಂದು ಹೆಸರಿದೆಯೆಂಬುದು ಅವನಿಗೆ ಮರೆತೇಹೋಗಿರಬೇಕೆಂದು ಆಕೆ ಎಷ್ಟೋ ಸಲ ಅಂದುಕೊಂಡದ್ದುಂಟು. ಕೆಟ್ಟವನಲ್ಲ. ಕೈಯೆತ್ತಿದವನಲ್ಲ, ಕುಡಿದವನಲ್ಲ. ಆದರೆ ಕುದುರೆಯಿಂದಿಳಿದು ಮಂಡಿಯೂರಿದವರ ಕಥೆ ಓದಿ ಓದಿ ಬೆಳೆದ ಹೆಂಗಸಿಗೆ ಅಷ್ಟೇ ಸಾಕಾಗುತ್ತದೆಯೇ?

ಹಾಗೆಂದು ಅವರ ನಡುವೆ ಏನೂ ಇರಲಿಲ್ಲವೆಂದಲ್ಲ. ಮದುವೆಯಾದ ಹೊಸದರಲ್ಲಿ ಒಂದು ಸಂಜೆ ಆಕೆ ಮೋಟು ಕುರ್ಚಿಯಲ್ಲಿ ಕೂತು ತುಟಿಯಲ್ಲೇ ಓದಿಕೊಳ್ಳುತ್ತಿದ್ದಳು. ಗಂಡ ಮಿಷನ್ನಿನಿಂದ ತಲೆಯೆತ್ತದೆ, "ಸ್ವಲ್ಪ ಜೋರಾಗಿ ಓದು. ಸದ್ದಲ್ಲಿ ಕೇಳಲ್ಲ" ಅಂದ. ಅಂದಿನಿಂದ ಪ್ರತಿ ಸಂಜೆ ಅದೇ ರೂಢಿಯಾಯಿತು. ಅವನು ಹೊಲಿಯುವುದು, ಅವಳು ಓದುವುದು. ಕಾಡು, ಕೋಟೆ, ಸೂರ್ಯಾಸ್ತದ ವರ್ಣನೆಗಳನ್ನು ಆಕೆ ಓಡಿಸಿಬಿಡುತ್ತಿದ್ದಳು. ಪಾತ್ರಗಳ ಮಾತು ಬಂತೆಂದರೆ ದನಿ ಬದಲಿಸಿ, ರಾಜನಿಗೆ ಗಂಟಲು ಗಡುಸು ಮಾಡಿ, ರಾಣಿಗೆ ಕತ್ತು ನೆಟ್ಟಗೆ ಮಾಡಿ ಓದುತ್ತಿದ್ದಳು. ಆಗ ಮಿಷನ್ನಿನ ಸದ್ದು ನಿಲ್ಲುತ್ತಿತ್ತು. ಗಂಡ ಪೆಡಲಿನ ಮೇಲಿಟ್ಟ ಕಾಲನ್ನು ತಡೆದು ಕೇಳುತ್ತಿದ್ದಾನೆ ಎಂದು ಆಕೆಯ ಎದೆ ಉಬ್ಬುತ್ತಿತ್ತು.

"ಅಪ್ಪ ನಿಲ್ಲಿಸೋದು ಬಟ್ಟೆ ತಿರುಗಿಸ್ಕೊಳ್ಳೋಕಮ್ಮ" ಎಂದು ಮಗಳು ಒಮ್ಮೆ ನಗಾಡಿದಳು. ಆಕೆ ಮಗಳ ಜೊತೆ ಎರಡು ದಿನ ಮಾತು ಬಿಟ್ಟಳು.

ಎಲ್ಲಕ್ಕಿಂತ ಹೆಚ್ಚಾಗಿ ಆಕೆ ಓದಿದ್ದು ಒಂದು ದಪ್ಪ ಪುಸ್ತಕ. ರಟ್ಟು ಹರಿದು, ಹೆಸರಿನ ಪುಟವೇ ಉದುರಿಹೋಗಿದ್ದರಿಂದ ಯಜಮಾನ ಅದನ್ನು ಆಕೆಗೇ ಕೊಟ್ಟುಬಿಟ್ಟಿದ್ದ. ಅದರಲ್ಲಿ ಒಬ್ಬ ದಂಡನಾಯಕ. ಗಂಡ ಸತ್ತ ಮೇಲೆ ಸಿಂಹಾಸನವೇರಿದ ರಾಣಿಯ ಮೇಲೆ ಅವನಿಗೆ ಹೇಳಲಾಗದ ಪ್ರೀತಿ. ಕಥೆ ಮುಗಿದರೂ ಅವನು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳುವುದು ಒಂದೇ ಮಾತು. ರಾಣಿ ಏನಾದರೂ ಆಜ್ಞೆ ಮಾಡಿದರೆ, "ಅಪ್ಪಣೆ, ಮಹಾರಾಣಿ" ಅನ್ನುತ್ತಾನೆ. ಆಗಲಿ, ಮಾಡುತ್ತೇನೆ ಎಂದರ್ಥ. ರಾಣಿ ಕರೆಕಳಿಸಿದಾಗ ಬಂದು ನಿಂತು, "ಅಪ್ಪಣೆಯಾಗಲಿ, ಮಹಾರಾಣಿ" ಅನ್ನುತ್ತಾನೆ. ಏನು ಮಾಡಲಿ ಹೇಳಿ ಎಂದರ್ಥ. ತಿರುಗಿ ಬರುವುದಿಲ್ಲವೆಂದು ಗೊತ್ತಿದ್ದೂ ಕೊನೆಯ ಯುದ್ಧಕ್ಕೆ ಹೊರಡುವಾಗ, "ಅಪ್ಪಣೆ ಕೊಡಿ, ಮಹಾರಾಣಿ" ಅನ್ನುತ್ತಾನೆ. ನಾನಿನ್ನು ಹೊರಟೆ, ಬಿಟ್ಟುಕೊಡಿ ಎಂದರ್ಥ. ಮೂರನ್ನೂ ಆಕೆ ಮೂರು ಬಗೆಯಲ್ಲಿ ಓದುತ್ತಿದ್ದಳು. ಮೊದಲನೆಯದು ಚುರುಕಾಗಿ, ಎರಡನೆಯದು ಕೇಳುವ ಹಾಗೆ ಎತ್ತರಿಸಿ, ಮೂರನೆಯದು ಮೆಲ್ಲಗೆ, 'ಮಹಾರಾಣಿ' ಎಂಬಲ್ಲಿ ದನಿ ಇಳಿಸಿ.

ಒಂದು ಸಂಜೆ ಓದು ಮುಗಿಸಿ ಆಕೆ ಕೇಳಿಯೇಬಿಟ್ಟಳು. "ಅಲ್ಲ, ನೀವೂ ಒಂದ್ಸಲ ಹಾಗೆ ಅನ್ನಬಾರದಾ?"

"ಹೇಗೆ?"

"ಅದೇ, ದಂಡನಾಯಕ ಅಂದ ಹಾಗೆ."

"ಬಾಯಲ್ಲಿ ಪಿನ್ನಿದೆ" ಎಂದು ಗಂಡ ತುಟಿ ಬಿಗಿಹಿಡಿದೇ ಅಂದ. ನಿಜಕ್ಕೂ ಇತ್ತು. ಆಮೇಲೆ ಪಿನ್ನುಗಳು ಬಾಯಿಂದ ಬಟ್ಟೆಗೆ ಹೋದವು, ಮಾತು ಮಾತ್ರ ಹೊರಡಲಿಲ್ಲ. ಆಕೆಯೂ ಮತ್ತೆ ಕೇಳಲಿಲ್ಲ.

ಅವನು ಅದನ್ನು ಅಂದದ್ದು ಬಹಳ ಕಾಲದ ಮೇಲೆ, ಮಗಳ ಮದುವೆಯಾಗಿ ಅವಳು ಬೇರೆ ಬಡಾವಣೆಗೆ ಹೋಗಿ ಅಂಗಡಿಯಲ್ಲಿ ಇವರಿಬ್ಬರೇ ಉಳಿದಿದ್ದಾಗ. ಬೆಳಗಿನ ಹೊತ್ತು. ಬಸ್ ಚಾಲಕನೊಬ್ಬ ಖಾಕಿ ಪ್ಯಾಂಟು ತಂದು ಮೇಜಿನ ಮೇಲೆ ಹಾಕಿ, ಸೊಂಟ ಸ್ವಲ್ಪ ಬಿಡಿಸಬೇಕು ಅಂದ. ದರ್ಜಿ ಎದ್ದು ನಿಂತ. ಪ್ಯಾಂಟು ಕೈಗೆತ್ತಿಕೊಂಡು, ಚಾಲಕನ ಪೊದೆಮೀಸೆಯನ್ನೇ ದಿಟ್ಟಿಸಿ, ಸ್ಪಷ್ಟವಾಗಿ, "ಅಪ್ಪಣೆ, ಮಹಾರಾಣಿ" ಅಂದ.

ಚಾಲಕ ಕಣ್ಣು ಕಣ್ಣು ಬಿಟ್ಟ. ಮೂಲೆಯಲ್ಲಿ ಕಾಜ ಹೊಲಿಯುತ್ತಿದ್ದ ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಚಾಲಕ ಹೋದ ಮೇಲೆ, "ಏನ್ರೀ ಇದು, ಇವತ್ತು ಸೂರ್ಯ ಯಾವ ಕಡೆ ಹುಟ್ಟಿದಾನೆ?" ಎಂದಳು. ಗಂಡ ಆಕೆಯ ಕಡೆ ತಿರುಗಿ ಇನ್ನೊಮ್ಮೆ ಅಂದ. "ಅಪ್ಪಣೆ, ಮಹಾರಾಣಿ." ಆಕೆಯ ಕೆನ್ನೆ ಬಿಸಿಯಾಯಿತು. ಈ ವಯಸ್ಸಿನಲ್ಲಿ ನಾಚಿಕೆಯೇ ಎಂದು ತನ್ನನ್ನು ತಾನೇ ಗದರಿಕೊಂಡು ಅಡುಗೆಮನೆಗೆ ಓಡಿದಳು. ಒಲೆಯ ಮುಂದೆ ನಿಂತು ಆಕೆ ಅನುಭವಿಸಿದ ಸಂತೋಷ ಅಷ್ಟಿಷ್ಟಲ್ಲ. ಕೇಳಿದ್ದನ್ನು ಅವನು ಮರೆತಿರಲಿಲ್ಲ, ಇಷ್ಟು ವರ್ಷ ಮನಸ್ಸಿನಲ್ಲಿಟ್ಟುಕೊಂಡು ಇಂದು ಅಂದನಲ್ಲ ಎಂದು ಕಣ್ಣಲ್ಲಿ ನೀರೇ ಬಂತು. ಮಧ್ಯಾಹ್ನದವರೆಗೂ ಅವನು ಆಗಾಗ ಅನ್ನುತ್ತಲೇ ಇದ್ದ, ಆಕೆ ನಗುತ್ತಲೇ ಇದ್ದಳು. ಊಟಕ್ಕೆ ಕರೆಯಲು ಬಂದಾಗ ಅವನ ಬಲಗೈಯಿಂದ ಕತ್ತರಿ ಜಾರಿ ನೆಲಕ್ಕೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದವನಿಗೆ ಬೆರಳು ಮಡಿಸಲಾಗಲಿಲ್ಲ. ಬಾಯಿ ಒಂದು ಕಡೆಗೆ ವಾಲಿತ್ತು. "ಏನಾಯ್ತು?" ಎಂದು ಆಕೆ ಕೂಗಿದಳು. "ಅಪ್ಪಣೆ, ಮಹಾರಾಣಿ" ಅಂದ ಅವನು, ಹೆದರಿದ ಕಣ್ಣುಗಳಿಂದ.

ಆಸ್ಪತ್ರೆಯ ಡಾಕ್ಟರಮ್ಮ ತಲೆಯ ಸ್ಕ್ಯಾನ್ ಮಾಡಿಸಿ ಹೇಳಿದರು. ಮೆದುಳಿನಲ್ಲಿ ರಕ್ತ ಕಟ್ಟಿಕೊಂಡಿದೆ, ಮಾತಿನ ಜಾಗಕ್ಕೇ ಪೆಟ್ಟಾಗಿದೆ. ಸ್ವಂತ ಮಾತು ಹೋಗಿದೆ. ಆದರೆ ಕೆಲವರಿಗೆ ಎಷ್ಟೋ ಸಲ ಕೇಳಿ ಕೇಳಿ ಕಿವಿಯಲ್ಲಿ ಉಳಿದ ಒಂದು ಮಾತು ಮಾತ್ರ ಹಾಗೇ ಉಳಿದುಬಿಡುತ್ತದೆ. ಏನು ಹೇಳಹೋದರೂ ಅದೇ ಬರುತ್ತದೆ.

"ಯಾವಾಗಿಂದ ಹೀಗೆ ಮಾತಾಡ್ತಿದಾರೆ?"

"ಬೆಳಿಗ್ಗೆಯಿಂದ."

"ಬೆಳಿಗ್ಗೆಯಿಂದಾನಾ? ಮತ್ತೆ ಈಗ ಕರ್ಕೊಂಡು ಬಂದ್ರಾ?"

ನಾನು ನಗ್ತಾ ಇದ್ದೆ ಎಂದು ಯಾವ ಬಾಯಿಂದ ಹೇಳುವುದು? ತನ್ನ ಬದುಕಿನ ಅತಿ ಸುಖದ ಬೆಳಗು ಗಂಡನ ಮೆದುಳು ಸಾಯುತ್ತಿದ್ದ ಬೆಳಗೇ ಆಗಿತ್ತೆಂಬುದು ಆಕೆಗೆ ಗೋಡೆ ಹಿಡಿದು ನಿಂತಾಗ ಅರ್ಥವಾಯಿತು. ಅವನು ಕೂಗಿ ಕರೆಯುತ್ತಿದ್ದ. ಆಕೆ ಕೆನ್ನೆ ಕೆಂಪಾಗಿಸಿಕೊಂಡು ಸಾರಿಗೆ ಉಪ್ಪು ಹಾಕುತ್ತಿದ್ದಳು.

ವಾರ್ಡಿನಲ್ಲಿ ದರ್ಜಿ ಎರಡೇ ದಿನದಲ್ಲಿ ಹೆಸರುವಾಸಿಯಾದ. ಸೂಜಿ ಚುಚ್ಚಲು ಬಂದ ನರ್ಸಿಗೂ ಅಪ್ಪಣೆ ಮಹಾರಾಣಿ, ನೆಲ ಒರೆಸಲು ಬಂದ ಮುದುಕಿಗೂ ಅಪ್ಪಣೆ ಮಹಾರಾಣಿ, ಪಕ್ಕದ ಹಾಸಿಗೆಯ ಲಾರಿ ಕ್ಲೀನರಿಗೂ ಅಪ್ಪಣೆ ಮಹಾರಾಣಿ. ನೆಲ ಒರೆಸುವ ಮುದುಕಿ ಸೆರಗನ್ನು ಭುಜದ ಮೇಲೆ ಎಳೆದುಕೊಂಡು, "ನಮ್ಮ ಯಜಮಾನ್ರು ಒಂದು ದಿನ ಹೀಗೆ ಕರೆದಿದ್ರೆ ನಾನು ಪೊರಕೆ ಹಿಡೀತಿರಲಿಲ್ಲ" ಅಂದಳು. ಎಲ್ಲರೂ ನಕ್ಕರು. ಆಕೆಯೂ ನಕ್ಕಂತೆ ಮಾಡಿದಳು. ಒಮ್ಮೆಯಾದರೂ ತನಗೆಂದು ಬರಲಿ ಎಂದು ಕಾದಿದ್ದ ಮಾತು ಈಗ ದಾರಿಯಲ್ಲಿ ಹೋಗುವವರಿಗೆಲ್ಲ ಹಂಚಿಹೋಗುತ್ತಿತ್ತು. ನೀರು ಬೇಕೋ, ನೋವೋ, ಹೊರಗೆ ಹೋಗಬೇಕೋ, ಯಾವುದೂ ಅದರಿಂದ ತಿಳಿಯುತ್ತಿರಲಿಲ್ಲ. ತಲೆಯಾಡಿಸಿ ಅಂದರೆ ಎಲ್ಲದಕ್ಕೂ ಆಡಿಸುತ್ತಿದ್ದ. ಕೈ ಒತ್ತಿ ಅಂದರೆ ಎಲ್ಲದಕ್ಕೂ ಒತ್ತುತ್ತಿದ್ದ.

ಈ ಗಡಿಬಿಡಿಯಲ್ಲಿ ಅವನ ಕಾಲನ್ನು ಯಾರೂ ನೋಡಿರಲಿಲ್ಲ. ಮೈ ಒರೆಸಲು ಬಂದ ನರ್ಸು ಅವನ ಎಡಗಾಲಿನ ಕಾಲ್ಚೀಲ ತೆಗೆದಳು. ಸಕ್ಕರೆ ಕಾಯಿಲೆಯಿದ್ದ ಮನುಷ್ಯ. ಪೆಡಲು ಉಜ್ಜಿ ಹೆಬ್ಬೆರಳಿನ ಬಳಿ ಆಗಿದ್ದ ಹುಣ್ಣನ್ನು ಯಾರಿಗೂ ಹೇಳದೆ ಬಟ್ಟೆಚೂರು ಸುತ್ತಿ ಕಾಲ್ಚೀಲದೊಳಗೆ ಮುಚ್ಚಿಟ್ಟಿದ್ದ. ಬೆರಳುಗಳು ಕಪ್ಪಾಗಿದ್ದವು. ಡಾಕ್ಟರಮ್ಮ ನೋಡಿ ಮುಖ ಸಣ್ಣ ಮಾಡಿದರು. ಆಕೆಯನ್ನೂ, ಸುದ್ದಿ ತಿಳಿದು ಬಂದಿದ್ದ ಮಗಳನ್ನೂ ಮೈದುನನನ್ನೂ ಕರೆದು ಕೂರಿಸಿಕೊಂಡರು.

"ಮಂಡಿ ಕೆಳಗೆ ಕಾಲು ತೆಗೀಬೇಕಾಗುತ್ತೆ. ತೆಗೀದಿದ್ರೆ ವಿಷ ಮೈಗೆಲ್ಲ ಏರಿ ಉಳಿಯೋದು ಕಷ್ಟ. ತೆಗೆದ್ರೂ, ಅವರ ಹೃದಯ ಈಗಿರೋ ಸ್ಥಿತೀಲಿ, ಆಪರೇಷನ್ ತಡ್ಕೊಳ್ತಾರೆ ಅಂತ ನಾನು ಭರವಸೆ ಕೊಡೋಕಾಗಲ್ಲ. ಅವರ ಇಷ್ಟ ಏನು ಅಂತ ತಿಳ್ಕೊಳ್ಳೋಕೆ ನೋಡಿ. ಗೊತ್ತಾಗದಿದ್ರೆ ನೀವೇ ನಿರ್ಧಾರ ಮಾಡ್ಬೇಕು. ತಡ ಮಾಡೋ ಹಾಗಿಲ್ಲ."

ಮೈದುನ ಬಸ್ ಕಂಡಕ್ಟರು. ಜೋರಾಗಿ ಮಾತಾಡಿಯೇ ಅಭ್ಯಾಸ. "ಅತ್ತಿಗೆ, ಅಣ್ಣನ್ನ ನಾನು ಬಲ್ಲೆ. ಕಾಲಿಲ್ಲದೆ ಅವನು ಬದುಕೋನಲ್ಲ. ಮಿಷನ್ ತುಳಿಯೋ ಕಾಲದು. ಅದನ್ನ ತೆಗೆದು ಅವನನ್ನ ಮೂಲೇಲಿ ಕೂರಿಸ್ತೀರಾ?"

"ಕಾಲು ಹೋದ್ರೆ ಹೋಗ್ಲಿ ಚಿಕ್ಕಪ್ಪ. ಅಪ್ಪ ಇರ್ತಾರಲ್ಲ!" ಮಗಳು ಸಿಡಿದಳು.

"ಇದ್ದು? ಮಾತಿಲ್ಲ, ಕೆಲಸ ಇಲ್ಲ..."

"ಹಾಗಂತ ಸಾಯೋಕೆ ಬಿಡೋದಾ?"

ಇಬ್ಬರೂ ಒಟ್ಟಿಗೆ ಆಕೆಯ ಮುಖ ನೋಡಿದರು. ಆಕೆಗೆ ಇಬ್ಬರ ಮಾತೂ ಸರಿಯೆನಿಸಿತು. ಅದೇ ಕಷ್ಟ.

ಮಗಳೇ ಒಂದು ಉಪಾಯ ಹೂಡಿದಳು. ಮಾತು ಬಾರದಿದ್ದರೇನು, ಕೈ ಬರುತ್ತದಲ್ಲ! ಬಲಗೈ ಸೋತಿದ್ದರೂ ಎಡಗೈ ನೆಟ್ಟಗಿತ್ತು. ಅಂಗಡಿಯಿಂದ ಗುರುತು ಹಾಕುವ ಚಪ್ಪಟೆ ಸೀಮೆಸುಣ್ಣ ತಂದು ಅಪ್ಪನ ಎಡಗೈಗೆ ಕೊಟ್ಟಳು. ಕಾಲು ತೋರಿಸಿ, ಕತ್ತರಿಸುವ ಸನ್ನೆ ಮಾಡಿ, "ಅಪ್ಪ, ತೆಗೀಬಹುದಾ?" ಎಂದಳು. ದರ್ಜಿ ಬಹಳ ಹೊತ್ತು ಕಾಲಿನ ಕಡೆ ನೋಡಿದ. ಆಮೇಲೆ ಹೊದಿಕೆಯ ಮೇಲೆ, ಮಂಡಿಗಿಂತ ಒಂದು ಗೇಣು ಕೆಳಗೆ, ಅಡ್ಡಲಾಗಿ ಒಂದು ಗೆರೆ ಎಳೆದ. ಎಡಗೈಯದಾದರೂ ಪಳಗಿದ ಗೆರೆ. ಎಳೆದವನೇ ಹೆಬ್ಬೆರಳಿನಿಂದ ಅದನ್ನು ಉಜ್ಜಿ ಅಳಿಸಿದ.

"ನೋಡಿದ್ರಾ? ಗೆರೆ ಹಾಕಿದ್ರು. ತೆಗೀರಿ ಅಂತ" ಎಂದಳು ಮಗಳು.

"ಅಳಿಸಿದ್ದು ಕಾಣ್ಲಿಲ್ವಾ? ಬಿಡಿ ಅಂತ" ಎಂದ ಮೈದುನ.

ದರ್ಜಿಯ ಕೆಲಸ ಬಲ್ಲ ಆಕೆಗೆ ಇನ್ನೂ ಒಂದು ಗೊತ್ತಿತ್ತು. ಗೆರೆ ತಪ್ಪು ಬಿದ್ದಾಗಲೂ ಗಂಡ ಹೀಗೇ ಉಜ್ಜುತ್ತಿದ್ದ, ಇನ್ನೊಂದನ್ನು ಸರಿಯಾಗಿ ಎಳೆಯುವುದಕ್ಕಾಗಿ. ಆ ಇನ್ನೊಂದು ಗೆರೆ ಬರುತ್ತದೇನೋ ಎಂದು ಕಾದಳು. ಸುಣ್ಣ ಅವನ ಬೆರಳಿನಿಂದ ಜಾರಿ ಹೊದಿಕೆಯ ಮಡಿಕೆಯಲ್ಲಿ ಸೇರಿಹೋಯಿತು.

ಕೊನೆಗೆ ಇಬ್ಬರನ್ನೂ ಹೊರಗೆ ಕಳಿಸಿ ಆಕೆ ಒಬ್ಬಳೇ ಅವನ ಪಕ್ಕ ಕೂತಳು. ಬಿಸಿಲು ಕಿಟಕಿಯಿಂದ ಹಾಸಿಗೆಯ ಕಾಲ ಕಡೆಗೆ ಬಿದ್ದಿತ್ತು. ಪಕ್ಕದ ಹಾಸಿಗೆಯವನು ಗೋಡೆ ಕಡೆ ತಿರುಗಿ ಮಲಗಿದ್ದ.

"ಕೇಳಿಸ್ತಿದೆಯಾ?" ಎಂದಳು ಆಕೆ. "ಕಾಲು ತೆಗೀತಾರಂತೆ. ನಾನು ಹೂಂ ಅನ್ಲಾ?"

"ಅಪ್ಪಣೆ, ಮಹಾರಾಣಿ."

"ಹಾಗಲ್ಲ. ಹೂಂ ಅನ್ಲಾ, ಬಿಡ್ಲಾ? ಎರಡರಲ್ಲಿ ಒಂದು ಹೇಳಿ."

"ಅಪ್ಪಣೆ, ಮಹಾರಾಣಿ."

ನಮ್ಮ ಮಾತಿನ ಅರ್ಥವೆಲ್ಲ ಇರುವುದು ಬಾಲದಲ್ಲಿ. 'ಅಪ್ಪಣೆ'ಯ ಹಿಂದೆ ಬರುವ 'ಆಗಲಿ' ಎಂಬುದೂ ಅಲ್ಲೇ, 'ಕೊಡಿ' ಎಂಬುದೂ ಅಲ್ಲೇ. ಅವನ ನಾಲಗೆ ಆ ಬಾಲವನ್ನೇ ನುಂಗಿಹಾಕಿತ್ತು. ಆಗಲಿ, ಮಾಡಿಸು ಅನ್ನುತ್ತಿದ್ದಾನೆಯೇ? ನೀನೇ ಹೇಳು ಅನ್ನುತ್ತಿದ್ದಾನೆಯೇ? ನನ್ನನ್ನು ಬಿಟ್ಟುಕೊಡು ಅನ್ನುತ್ತಿದ್ದಾನೆಯೇ? ಆಕೆ ಕಣ್ಣು ಮುಚ್ಚಿ ದನಿಯನ್ನಷ್ಟೇ ಕೇಳಿದಳು. ಅವನಿಗೆ ಆ ಮಾತು ಬಂದದ್ದು ತನ್ನ ಬಾಯಿಂದ. ಮೂರು ಬಗೆಯಲ್ಲಿ ಓದಿದವಳು ತಾನೇ. ಹಾಗಾದರೆ ಮೂರರಲ್ಲಿ ಯಾವುದೆಂದು ತನಗೆ ತಿಳಿಯದಿದ್ದರೆ ಇನ್ಯಾರಿಗೆ ತಿಳಿಯಬೇಕು? ಇನ್ನೊಮ್ಮೆ ಕೇಳಿದಳು. ಅವನು ಇನ್ನೊಮ್ಮೆ ಅಂದ. ಈ ಸಲ 'ಮಹಾರಾಣಿ' ಎಂಬಲ್ಲಿ ದನಿ ಇಳಿಯಿತು.

ಆಕೆಗೆ ಅದು ಕೇಳಿಸಿತು. ಕೂಡಲೇ, ಇಲ್ಲ, ಅದು ಸುಸ್ತು, ಗಂಟಲಲ್ಲಿ ಕಫ, ಅಷ್ಟೇ ಅಂದುಕೊಂಡಳು. ಇಷ್ಟು ದಿನ ಕಾದಂಬರಿಯಲ್ಲಿ ರಾಣಿ ಉಪ್ಪರಿಗೆಯ ಮೇಲೆ ನಿಂತು ದಂಡನಾಯಕನಿಗೆ ಅಪ್ಪಣೆ ಕೊಟ್ಟುಬಿಟ್ಟಾಗ ಆಕೆ ಕಣ್ಣೊರೆಸಿಕೊಂಡು ಎಂಥ ದೊಡ್ಡ ಮನಸ್ಸು ಎಂದು ಮೆಚ್ಚುತ್ತಿದ್ದಳು. ಈಗ ಆ ರಾಣಿಯ ಮೇಲೆ ಆಕೆಗೆ ಮೈಯೆಲ್ಲ ಉರಿಯುವಷ್ಟು ಕೋಪ ಬಂತು. ಕೊಡಬಾರದಿತ್ತು. ಕುದುರೆಯ ಲಗಾಮು ಹಿಡಿದು ಜಗ್ಗಿ ನಿಲ್ಲಿಸಬೇಕಿತ್ತು. ರಾಜ್ಯ ಹಾಳಾದರೆ ಹಾಳಾಗಲಿ ಅನ್ನಬೇಕಿತ್ತು. ಮಾತಿಲ್ಲದವನಾದರೂ ಸರಿ, ಕಾಲಿಲ್ಲದವನಾದರೂ ಸರಿ, ಸಂಜೆ ಎದುರಿಗೆ ಕೂತಿರುವ ಒಂದು ಜೀವ ಬೇಕಲ್ಲ ತನಗೆ! ಇದು ಅವನ ಇಷ್ಟವೋ ತನ್ನ ಇಷ್ಟವೋ ಎಂದು ಆಕೆ ಹೆಚ್ಚು ಹೊತ್ತು ಯೋಚಿಸಲಿಲ್ಲ. ಯೋಚಿಸಿದರೆ ಕೈ ಓಡುವುದಿಲ್ಲವೆಂದು ಗೊತ್ತಿತ್ತು. ಹೊರಗೆ ಹೋಗಿ, "ಅವರು ಹೂಂ ಅಂದ್ರು" ಎಂದಳು.

"ನಿಜವಾಗ್ಲೂ ಅಂದ್ನಾ ಅತ್ತಿಗೆ?" ಮೈದುನನ ದನಿ ಮೊದಲ ಸಲ ತಗ್ಗಿತ್ತು.

"ಅಂದ್ರು. ನನಗೆ ಅರ್ಥ ಆಗಲ್ವಾ?" ಎಂದಳು. ಸಹಿ ಹಾಕಿದಳು.

ದರ್ಜಿ ಉಳಿದ. ಅಲ್ಲಿಂದ ಮುಂದಿನದನ್ನೆಲ್ಲ ಡಾಕ್ಟರಮ್ಮ ಒಳ್ಳೆಯ ಸುದ್ದಿಯೆಂದೇ ಹೇಳಿದರು. ಹೃದಯ ತಡೆದುಕೊಂಡಿತು, ಗಾಯ ಮಾಯುತ್ತಿದೆ, ಸಕ್ಕರೆ ಹಿಡಿತಕ್ಕೆ ಬಂದಿದೆ. ಮಗಳು ಮನೆಯಿಂದ ಊಟ ತರುವಳು. ಮೈದುನ ಪಾಳಿ ಮುಗಿಸಿ ಬಂದು ಅಣ್ಣನ ತಲೆ ಬಾಚುವನು, ಅತ್ತಿಗೆಯ ಮುಖ ಮಾತ್ರ ನೋಡುತ್ತಿರಲಿಲ್ಲ. ಪುಸ್ತಕದಂಗಡಿಯ ಯಜಮಾನ ಹೊಸದಾಗಿ ಬಂದ ಎರಡು ಕಾದಂಬರಿಗಳನ್ನು ಕಳಿಸಿದ್ದ. ಕುದುರೆ, ದೀವಟಿಗೆ ಎಲ್ಲ ಇರುವಂಥವೇ. ಆಕೆ ಅವನ್ನು ಮಂಚದ ಕೆಳಗಿಟ್ಟಳು. ಬಿಡಿಸಿ ನೋಡಲೂ ಮನಸ್ಸಾಗಲಿಲ್ಲ. ವಾರ್ಡಿನವರು ಎಷ್ಟು ಒತ್ತಾಯ ಮಾಡಿದರೂ ಜೋರಾಗಿ ಓದಲಿಲ್ಲ. ತನ್ನ ಬಾಯಿಂದ ಹೋದ ಮಾತು ಒಬ್ಬನ ತಲೆಯಲ್ಲಿ ಎಲ್ಲಿ ಹೋಗಿ ಕೂತಿತೆಂಬುದನ್ನು ಕಂಡ ಮೇಲೆ ಆಕೆಗೆ ಬಾಯಿ ತೆರೆಯುವುದೇ ಭಯವಾಗಿತ್ತು.

ಆಪರೇಷನ್ನಾದ ಮೇಲೆ ಅವನು ಹೊದಿಕೆಯ ಕೆಳಗಿನ ಚಪ್ಪಟೆ ಜಾಗವನ್ನು ಮೊದಲ ಸಲ ನೋಡಿದ ದಿನ ಆಕೆ ಪಕ್ಕದಲ್ಲೇ ಇದ್ದಳು. ಅವನು ಅಳಲಿಲ್ಲ, ಕೂಗಲಿಲ್ಲ. ಅಳತೆ ತೆಗೆಯುವವನ ಹಾಗೆ ನೋಡಿದ. ಆಮೇಲೆ ಆಕೆಯನ್ನು ನೋಡಿದ. ಆ ನೋಟದಲ್ಲಿ ಏನಿತ್ತೆಂದು ಓದಲು ಆಕೆ ತನ್ನ ಜೀವಮಾನದ ಓದನ್ನೆಲ್ಲ ಒಟ್ಟುಗೂಡಿಸಿದಳು. ಕಾದಂಬರಿಗಳಲ್ಲಾಗಿದ್ದರೆ ಕಣ್ಣುಗಳಲ್ಲಿ ಏನು ಮಿಂಚಿತು, ಏನು ಕರಗಿತು ಎಂದು ಬರೆದವರೇ ಹೇಳಿಬಿಡುತ್ತಿದ್ದರು. ಇಲ್ಲಿ ಹೇಳುವವರಿರಲಿಲ್ಲ. "ಅಪ್ಪಣೆ, ಮಹಾರಾಣಿ" ಎಂದು ಅವನು ಕಣ್ಣು ಮುಚ್ಚಿಕೊಂಡ.

ಮಾತು ಕಲಿಸುವ ಹುಡುಗಿಯೊಬ್ಬಳು ಬರುತ್ತಿದ್ದಳು. ಲೋಟ, ಬಾಗಿಲು, ಹಸು ಎಂದು ಚಿತ್ರದ ಚೀಟಿ ಹಿಡಿದು ಮಗುವಿಗೆ ಕಲಿಸುವಂತೆ ಕಲಿಸುವಳು. ಲೋಟಕ್ಕೂ ಅಪ್ಪಣೆ, ಹಸುವಿಗೂ ಅಪ್ಪಣೆ. "ಬೇಜಾರು ಮಾಡ್ಕೋಬೇಡಿ. ಒಂದು ಸ್ವಂತ ಮಾತು ಬಂದ್ರೆ ಸಾಕು, ಉಳಿದದ್ದು ಹಿಂದೇನೇ ಬರುತ್ತೆ" ಎಂದು ಹುಡುಗಿ ಧೈರ್ಯ ಹೇಳುವಳು. ಆಕೆ ತಲೆಯಾಡಿಸುವಳು. ಆ ಮಾತು ಬರಲೆಂದು ಆಕೆಯಷ್ಟು ಹಂಬಲಿಸಿದವರಿಲ್ಲ. ಅದು ಏನಾಗಿರಬಹುದೆಂದು ಆಕೆಯಷ್ಟು ಹೆದರಿದವರೂ ಇಲ್ಲ.

ಅದು ಬಂದದ್ದು ಒಂದು ಬೆಳಿಗ್ಗೆ. ಆಕೆ ದಿಂಬಿಗೊರಗಿಸಿ ಹಾಲು ಕುಡಿಸಿದ್ದಳು. ಗುಟುಕು ಗುಟುಕಾಗಿ ಪೂರ್ತಿ ಕುಡಿದ. ಬಾಯಿ ಒರೆಸಿ, ಖಾಲಿ ಲೋಟ ಪಕ್ಕಕ್ಕಿಟ್ಟು, ಹೊದಿಕೆ ಸರಿಪಡಿಸಲು ಬಗ್ಗಿದಾಗ ಅವನು ಎಡಗೈಯಿಂದ ಆಕೆಯ ಮಣಿಕಟ್ಟು ಹಿಡಿದ. ಹಿಡಿತ ಬಿಗಿಯಾಗಿತ್ತು. ತುಟಿ ಎರಡು ಮೂರು ಸಲ ತೆರೆದು ಮುಚ್ಚಿತು. ಆಮೇಲೆ ತೊದಲಿಲ್ಲದೆ, ಕಥೆಯ ದನಿಯಲ್ಲಲ್ಲದೆ, ತನ್ನದೇ ಒರಟು ದನಿಯಲ್ಲಿ ಒಂದು ಮಾತು ಅಂದ.

"ಬೇಡ."

ಎದುರು ಹಾಸಿಗೆಯ ಬಳಿಯಿದ್ದ ನರ್ಸು ಕೈಯಲ್ಲಿದ್ದುದನ್ನು ಬಿಟ್ಟು ಓಡಿಬಂದಳು. "ಮಾತು ಬಂತಾ? ಏನಂದ್ರು? ಇನ್ನೊಂದ್ಸಲ ಹೇಳಿ ಅಪ್ಪಾಜಿ!"

"ಬೇಡ" ಎಂದ ದರ್ಜಿ.

ವಾರ್ಡಿಗೆ ವಾರ್ಡೇ ಎದ್ದು ಕೂತಿತು. ಲಾರಿ ಕ್ಲೀನರು ಚಪ್ಪಾಳೆ ತಟ್ಟಿದ. ನೆಲ ಒರೆಸುವ ಮುದುಕಿ ಮಾತು ಕಲಿಸುವ ಹುಡುಗಿಯನ್ನು ಕರೆದುಕೊಂಡು ಬರಲು ಹೋದಳು. ಎಲ್ಲರ ಮುಖದಲ್ಲೂ ನಗು. ಆಕೆಯ ಮಣಿಕಟ್ಟು ಇನ್ನೂ ಅವನ ಕೈಯಲ್ಲಿತ್ತು. ಆಕೆ ಅವನ ಕಿವಿಯ ಬಳಿ ಬಗ್ಗಿ, ಬೇರೆ ಯಾರಿಗೂ ಕೇಳದ ಹಾಗೆ, "ಏನು ಬೇಡ?" ಎಂದಳು. ಅವನು ಆಕೆಯನ್ನೇ ನೋಡುತ್ತಿದ್ದ. ಇನ್ನೂ ಏನೋ ಹೇಳಲು ಗಂಟಲಿನ ನರ ಉಬ್ಬಿತು, ಹಣೆಯಲ್ಲಿ ಬೆವರೊಡೆಯಿತು. ಬರಲಿಲ್ಲ. ಕಣ್ಣಿನ ಮೂಲೆಯಿಂದ ನೀರಿಳಿದು ದಿಂಬಿಗೆ ಹೋಯಿತು.

"ಏನು ಬೇಡವಂತೆ ಅಮ್ಮ?" ನರ್ಸು ನಗುತ್ತಾ ಕೇಳಿದಳು. ಎಲ್ಲರೂ ಆಕೆಯತ್ತ ತಿರುಗಿದ್ದರು.

"ಹಾಲು" ಎಂದಳು ಆಕೆ. "ಹಾಲು ಬೇಡವಂತೆ."

ನರ್ಸು ಖಾಲಿ ಲೋಟವನ್ನು ಎತ್ತಿ ಬಗ್ಗಿಸಿ ನೋಡಿ ಜೋರಾಗಿ ನಕ್ಕಳು. "ಪೂರ್ತಿ ಕುಡಿದಾದ್ಮೇಲೆ ಹೇಳ್ತಿದಾರಲ್ಲ! ಈಗ ಹೇಳಿದ್ರೆ ಏನು ಮಾಡೋಕಾಗುತ್ತೆ?"

"ಹೌದು" ಎಂದಳು ಆಕೆ. "ಈಗ ಏನೂ ಮಾಡೋಕಾಗಲ್ಲ."